ಡ್ರೈವರ್ ಹಿಂದಿನ ಸೀಟು

ಕಾರು ಕೊಳ್ಳುವವರು ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ, ಟೈರಿಗೆ ಒಂದು ಸಲ ಒದೆಯುತ್ತಾರೆ, ಬಣ್ಣದ ಮೇಲೆ ಕೈಯಾಡಿಸುತ್ತಾರೆ. ದಬ್ಬಳ ಮಾತ್ರ ಹಿಂದಿನ ಬಾಗಿಲು ತೆಗೆದು ಸೀದಾ ಒಳಗೆ ಹೋಗಿ ಕೂತುಬಿಡುತ್ತಿದ್ದ. ಕಣ್ಣು ಮುಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಹಲ್ಲುನೋವಿನವನ ಹಾಗೆ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದ. "ಇಂಜಿನ್ ಮೇಲೆ ಯಾರಾದ್ರೂ ಕೂರ್ತಾರೇನ್ರೀ?" ಅಂತ ಕೇಳುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಗಾಡಿಗಳಿಗೆ ಸೀಟು ಹೊಲಿಯುತ್ತಿರುವವನ ಜೊತೆ ವಾದಕ್ಕೆ ನಿಲ್ಲಲು ಯಾರಿಗೆ ಪುರುಸೊತ್ತಿದೆ? ದಪ್ಪ ದಾರ ಪೋಣಿಸಿದ ಆ ಉದ್ದನೆ ಸೂಜಿ ಸದಾ ಅವನ ಜೇಬಿನಲ್ಲೋ ಬಾಯಲ್ಲೋ ಇರುತ್ತಿದ್ದುದರಿಂದ ಬೀದಿಯವರು ಅವನಿಗೆ ದಬ್ಬಳ ಅಂತಲೇ ಹೆಸರಿಟ್ಟುಬಿಟ್ಟಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಅವನ ಕೆಲಸದ ರೀತಿ ಬೇರೆಯೇ. ಅಂಗಡಿಯ ಮೂಲೆಯಲ್ಲಿ ಒದ್ದೆ ಮರಳು ತುಂಬಿದ ಒಂದು ಅಗಲವಾದ ಮರದ ಪೆಟ್ಟಿಗೆ ಇತ್ತು. ಸೀಟು ಮಾಡಿಸಿಕೊಳ್ಳಲು ಬಂದವರು ಎಂಥ ದೊಡ್ಡ ಮನುಷ್ಯರಾದರೂ ಸರಿ, ಮೊದಲು ಆ ಮರಳಿನ ಮೇಲೆ ಗೋಣಿತಾಟು ಹಾಸಿಕೊಂಡು ಕೂರಬೇಕು. ಎದ್ದ ಮೇಲೆ ಉಳಿದ ತಗ್ಗನ್ನು ಇವನು ಬೆರಳಲ್ಲಿ ಅಳೆದು, ಅದರಂತೆ ಫೋಮ್ ಕೊಯ್ಯುತ್ತಿದ್ದ. ನಾಚಿಕೊಂಡು ಓಡಿಹೋದ ಗಿರಾಕಿಗಳೂ ಉಂಟು. ಆದರೆ ಕೂತವರು ಮಾತ್ರ ಮತ್ತೆ ಬೇರೆ ಅಂಗಡಿಗೆ ಹೋಗಲಿಲ್ಲ. ಮುಖ ಮರೆತರೂ ಕೂತ ತಗ್ಗು ಮರೆಯುವುದಿಲ್ಲ ಅನ್ನುತ್ತಿದ್ದ ದಬ್ಬಳ, ಅದು ಬಡಾಯಿಯ ಮಾತಾಗಿರಲಿಲ್ಲ.

ಅಂಥವನು ತನ್ನ ಅಕ್ಕನ ವಿಷಯದಲ್ಲಿ ದಿಕ್ಕು ತೋಚದೆ ಕೂತಿದ್ದ.

ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಗಣಿತದ ಮೇಷ್ಟ್ರು, ಆರಡಿ ಎರಡಂಗುಲದ ಆಳು, ಒಳ್ಳೇ ಹೊಟ್ಟೆ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಒಂದು ಕಾಲು ಸ್ವಲ್ಪ ಗಿಡ್ಡವಾಗಿತ್ತು. ಅದಕ್ಕೇ ಸ್ವಂತ ಸೆಡಾನ್ ಕಾರಿದ್ದರೂ ಓಡಿಸುತ್ತಿದ್ದವನು ದಬ್ಬಳ. ಮೇಷ್ಟ್ರದು ಡ್ರೈವರ್ ಹಿಂದಿನ ಸೀಟು, ಪಕ್ಕದಲ್ಲಿ ಅಕ್ಕ. ಅವರು ಎಡಕ್ಕೆ ವಾಲಿ ಕೂರುತ್ತಿದ್ದರು ಅಂತ ದಬ್ಬಳ ಎಡ ತೊಡೆಯ ಕೆಳಗೆ ಬರುವಂತೆ ಅರ್ಧ ಅಂಗುಲದ ಒಂದು ಫೋಮಿನ ಬೆಣೆ ಕೊಯ್ದು ಸೀಟಿನೊಳಗೆ ಇಟ್ಟಿದ್ದ. ಅಷ್ಟು ಮಾಡಿದರೂ ಆ ಉದ್ದನೆ ಕಾಲುಗಳಿಗೆ ಜಾಗ ಸಾಲುತ್ತಿರಲಿಲ್ಲ. ಮೊಣಕಾಲು ಎರಡೂ ಮುಂದಿನ ಸೀಟಿಗೆ ಒತ್ತಿಕೊಂಡು, ಓಡಿಸುವವನ ಬೆನ್ನಿಗೇ ನಾಟುತ್ತಿದ್ದವು. "ಭಾವ, ನನ್ನ ಬೆನ್ನಿಗೆ ಗೇರ್ ಹಾಕ್ತಿದ್ದೀರಾ?" ಅಂತ ದಬ್ಬಳ, "ಹಾಕದಿದ್ರೆ ಗಾಡಿ ಓಡೋದು ಹೇಗಪ್ಪಾ ಮತ್ತೆ?" ಅಂತ ಮೇಷ್ಟ್ರು. ವರ್ಷಗಟ್ಟಲೆ ಇದೇ ಜೋಕು, ಇಬ್ಬರಿಗೂ ಸಾಕಾಗಲಿಲ್ಲ.

ಎದೆನೋವು ಬಂದ ದಿನವೂ ಅದೇ ಸೀಟು. ದೊಡ್ಡಾಸ್ಪತ್ರೆಗೆ ಅರವತ್ತು ಕಿಲೋಮೀಟರ್. ಅಲ್ಲಿ ಹೋಗಿ ಬಾಗಿಲು ತೆಗೆದಾಗ ಡಾಕ್ಟರು ಮಣಿಕಟ್ಟು ಹಿಡಿದು ನೋಡಿ, "ಹೋಗಿ ಬಹಳ ಹೊತ್ತಾಗಿದೆ" ಅಂದರು. ಅಕ್ಕ ಗಂಡನ ತಲೆಯನ್ನು ಭುಜದ ಮೇಲೆ ಒರಗಿಸಿಕೊಂಡೇ ಕೂತಿದ್ದಳು. ಆ ದಾರಿಯ ವಿಷಯ ಅಕ್ಕತಮ್ಮ ಆಮೇಲೆ ಒಂದು ಸಲವೂ ಬಾಯಿಬಿಟ್ಟು ಮಾತಾಡಲಿಲ್ಲ.

ಆಮೇಲಿನಿಂದ ಅಕ್ಕನಿಗೆ ಒಂದು ಅಭ್ಯಾಸ ಹತ್ತಿಕೊಂಡಿತು. ಮಧ್ಯಾಹ್ನ ಆಯಿತೆಂದರೆ ಶೆಡ್ಡಿನಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂರುವಳು. ಸಂಜೆಯವರೆಗೂ ಅಲ್ಲೇ. ಊಟ ಅಷ್ಟಕ್ಕಷ್ಟೆ. ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳಾದರೂ ಮೊಮ್ಮಗಳ ಮುಖ ನೋಡಲು ಹೋಗಲಿಲ್ಲ. "ಮಾವ, ಅಮ್ಮನ್ನ ಹೇಗಾದ್ರೂ ಕರ್ಕೊಂಡು ಬಾ" ಅಂತ ಆ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು.

ದಬ್ಬಳನಿಗೆ ಹೆದರಿಕೆ ಹುಟ್ಟಿಸಿದ್ದು ಅದಲ್ಲ. ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋದಾಗ ಅವನು ಸುಮ್ಮನೆ ಕೈಚಟಕ್ಕೆ ಆ ಸೀಟನ್ನು ಮುಟ್ಟಿ ನೋಡುತ್ತಿದ್ದ. ದಿನಾ ಕೂರುವ ಅಕ್ಕನ ತಗ್ಗು ವಾರದಿಂದ ವಾರಕ್ಕೆ ಮೇಲೆ ಬರುತ್ತಿತ್ತು. ಯಾರೂ ಕೂರದ ಭಾವನ ತಗ್ಗು ಆಳಕ್ಕೆ ಇಳಿಯುತ್ತಿತ್ತು. ಫೋಮಿಗೆ ಸುಳ್ಳು ಹೇಳಲು ಬರುವುದಿಲ್ಲ. ಒಂದು ಬೆರಳು, ಒಂದೂವರೆ ಬೆರಳು, ಎರಡು ಬೆರಳು, ಎಡಗಡೆ ಹೆಚ್ಚು.

"ರೀ, ಹಳೇ ಫೋಮ್ ಕುಸಿದಿರುತ್ತೆ ಬಿಡಿ" ಅಂದಳು ಹೆಂಡತಿ.

"ನನಗೇ ಫೋಮಿನ ಪಾಠ ಹೇಳ್ತೀಯಾ?" ಅಂತ ಇವನು ರೇಗಿದ. ರೇಗಿದ್ದು ಹೆದರಿಕೆಗೆ.

ಕಾರನ್ನೇ ಬದಲಾಯಿಸಿಬಿಡುವುದು ಅಂತ ಅವನು ತೀರ್ಮಾನ ಮಾಡಿದ್ದು ಆಗ. ಪರಿಚಯದವರ ಶೋರೂಮಿನಿಂದ ಏಳು ಸೀಟಿನ ಒಂದು ಎಸ್‌ಯುವಿಯನ್ನು ಒಂದು ದಿನದ ಮಟ್ಟಿಗೆ ತಂದು, ಅಕ್ಕನ ಅಂಗಳದಲ್ಲಿ ಸೆಡಾನ್ ಪಕ್ಕಕ್ಕೇ ನಿಲ್ಲಿಸಿದ. ಬೆಳಿಗ್ಗೆ ಹನ್ನೊಂದು ಗಂಟೆಯ ಸುಡು ಬಿಸಿಲು. ಎರಡೂ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಅಳತೆ ಪಟ್ಟಿ ಹಿಡಿದು ಕೆಲಸಕ್ಕಿಳಿದ.

"ನೋಡಕ್ಕ, ನಾನು ಬಾಯಿಮಾತಲ್ಲಿ ಹೇಳಲ್ಲ. ಸೆಡಾನ್ ಸೀಟು ನೆಲದಿಂದ ಎಷ್ಟು ಎತ್ತರ? ನಿನ್ನ ಮೊಣಕಾಲಿಗಿಂತ ಕೆಳಗೆ. ಕೂರಬೇಕು ಅಂದ್ರೆ ಬಾವಿಗೆ ಇಳಿದ ಹಾಗೆ ಇಳೀಬೇಕು, ಏಳಬೇಕು ಅಂದ್ರೆ ಯಾರಾದ್ರೂ ಹಗ್ಗ ಬಿಡಬೇಕು. ಇದು ನೋಡು, ಸೊಂಟದ ಸಮಕ್ಕಿದೆ. ಹಿಂದೆ ತಿರುಗಿ ಕೂತರೆ ಮುಗೀತು. ತಲೆ ಮೇಲೆ ಸೆಡಾನಲ್ಲಿ ಒಂದು ಮುಷ್ಟಿ, ಇದರಲ್ಲಿ ಎರಡೂವರೆ. ಮಧ್ಯದಲ್ಲಿ ನೆಲ ಉಬ್ಬಿಲ್ಲ, ಕಾಲು ಚಾಚಬಹುದು."

"ಸೀಟು ಗಟ್ಟಿ" ಅಂದಳು ಅಕ್ಕ, ದೊಡ್ಡ ಗಾಡಿಯಲ್ಲಿ ಕೂತು ನೋಡಿ. ಅಷ್ಟೇ ಅಂದಳು. ಮೊದಲಿನ ಅಕ್ಕನಾಗಿದ್ದರೆ ಹತ್ತು ತಪ್ಪು ಹುಡುಕುತ್ತಿದ್ದಳು. ಸೀಟಿನ ವಿಷಯದಲ್ಲಿ ತಮ್ಮನನ್ನು ಇಷ್ಟು ವರ್ಷ ಗೋಳು ಹೊಯ್ದುಕೊಂಡವಳು ಅವಳೊಬ್ಬಳೇ. ಅವಳಿಗೆ ಸರಿಯಾಗಲಿ ಅಂತಲೇ ಇವನು ಕೆಲಸ ಕಲಿತದ್ದು ಅಂದರೂ ಸರಿಯೇ.

"ಗಟ್ಟಿನ ನಾನು ಮೆತ್ತಗೆ ಮಾಡ್ಕೊಡ್ತೀನಿ. ಈಗ ಸೆಡಾನಲ್ಲಿ ಕೂತ್ಕೋ, ಅಗಲ ಅಳೀಬೇಕು."

ಅಕ್ಕ ಹೋಗಿ ಕೂತಳು. ಬಾಗಿಲಿಗೆ ಅಂಟಿಕೊಂಡು, ಒಂದು ಭುಜ ಹೊರಗೇ ಬರುವಷ್ಟು ಮುದುರಿ ಕೂತಳು.

"ಅದ್ಯಾಕೆ ಅಷ್ಟು ತುದಿಗೆ? ಸರಿದು ಕೂತ್ಕೋ."

"ಜಾಗ ಎಲ್ಲಿದೆಯೋ?"

ದಬ್ಬಳ ಪಕ್ಕದ ಖಾಲಿ ಸೀಟು ನೋಡಿದ, ಅಕ್ಕನ ಮುಖ ನೋಡಿದ, ಮುಂದೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಓಡಿಸುವವನು ಕೂತಾಗ ಹಿಂದಿನವರ ಮೊಣಕಾಲಿಗೆ ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆಯಬೇಕಿತ್ತು. ಕೂತು ಬೆನ್ನು ಒರಗಿಸಿದ. ಬೆನ್ನಿನ ಎರಡೂ ಕಡೆ, ಪಕ್ಕೆಲುಬಿನ ಕೆಳಗೆ, ಎರಡು ಗುಂಡನೆ ಗಂಟು ಒತ್ತಿದವು.

"ಅಕ್ಕ, ಮೊಣಕಾಲು ತೆಗಿ."

"ನಾನು ಈ ಕಡೆ ಇದೀನಲ್ಲೋ" ಅಂದಳು ಅಕ್ಕ, ಇನ್ನೊಂದು ಮೂಲೆಯಿಂದ.

ಅವನು ಹಿಂದೆ ತಿರುಗಲಿಲ್ಲ. ಅಳತೆ ಪಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದ. "ಇದನ್ನ ಕೊಟ್ಟುಬಿಡೋಣ" ಅಂದ. ಅಕ್ಕ ಒಂದು ಮಾತೂ ಎದುರಾಡದೆ "ಹೂಂ" ಅಂದಳು. ಅಷ್ಟು ಸಲೀಸಾಗಿ ಒಪ್ಪಿದ್ದೇ ಅವನಿಗೆ ಸರಿಬೀಳಲಿಲ್ಲ.

ದೊಡ್ಡ ಗಾಡಿ ಮನೆಗೆ ಬರುವ ಮುಂಚೆ ಅಂಗಡಿಗೆ ಬಂತು. ನಡುವಿನ ಸಾಲಿನ ಸೀಟು ಬಿಚ್ಚಿ ಹೊಸ ಫೋಮ್ ಹಾಕಬೇಕು. ಅಕ್ಕನನ್ನು ಕರೆಸಿ ಮರಳಿನ ಮೇಲೆ ಕೂರಿಸಿದ. ಹೋದ ವರ್ಷ ಅವಳ ತಗ್ಗು ನಾಲ್ಕು ಬೆರಳು ಇತ್ತು. ಈಗ ಅವಳು ಎದ್ದ ಮೇಲೆ ಗೋಣಿತಾಟು ಎತ್ತಿ ನೋಡಿದರೆ, ಒಂದು ಬೆಕ್ಕು ಮಲಗಿ ಎದ್ದ ಹಾಗೆ ಮರಳು ತುಸು ಅಲುಗಿತ್ತು, ಅಷ್ಟೆ. ಅವಳೇನೂ ಕಡ್ಡಿಯಂತೆ ಇಳಿದುಹೋಗಿರಲಿಲ್ಲ, ನೋಡುವ ಕಣ್ಣಿಗೆ ಹೆಂಗಸು ಹಾಗೇ ಇದ್ದಳು. ತೂಕ ಮಾತ್ರ ಎಲ್ಲೋ ಹೋಗುತ್ತಿತ್ತು. "ಅಯ್ಯೋ ನಮ್ಮಕ್ಕ" ಅಂತ ಅವನು ಒಳಗೇ ಅತ್ತುಕೊಂಡ. ಆ ದಿನ ಹಟಕ್ಕೆ ಬಿದ್ದವನ ಹಾಗೆ ಕೂತು, ಒಂದೇ ಉಸಿರಿಗೆ ಸೀಟು ಮುಗಿಸಿದ.

ಎಂಥ ಜಾಣನೂ ತನ್ನ ಕೈಯ ಅಭ್ಯಾಸದ ಮುಂದೆ ದಡ್ಡನೇ. ಒಳ್ಳೇ ಫೋಮ್ ಬಿಸಾಡಲು ದಬ್ಬಳನಿಗೆ ಕೈ ಬರುತ್ತಿರಲಿಲ್ಲ. ಸೆಡಾನ್ ಕೊಟ್ಟು ಬರುವ ಮುನ್ನ ಅದರ ಸೀಟಿನಿಂದ ಭಾವನ ಬೆಣೆಯನ್ನು ಕಿತ್ತು ತಂದಿದ್ದ. ಯಾರದೋ ಪಾಲಾಗುವುದು ಬೇಡ ಅನ್ನಿಸಿತ್ತು. ಅದು ಕತ್ತರಿಸಿದ ತುಂಡುಗಳ ರಾಶಿಯಲ್ಲಿತ್ತು. ಹೊಸ ಸೀಟಿನಲ್ಲಿ ಡ್ರೈವರ್ ಹಿಂದಿನ ಕಡೆ ಅರ್ಧ ಅಂಗುಲ ಕಡಿಮೆ ಬಿದ್ದಾಗ ಕೈ ರಾಶಿಗೆ ಹೋಯಿತು, ಸರಿಯಾದ ತುಂಡು ಸಿಕ್ಕಿತು, ಒಳಗೆ ಕೂತಿತು, ಮೇಲೆ ಹೊಲಿಗೆ ಬಿತ್ತು. ಬಾಯಲ್ಲಿ ದಬ್ಬಳ, ತಲೆಯಲ್ಲಿ ಅಕ್ಕ. ಏನು ಮಾಡಿದೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ.

ಗಾಡಿ ಅಕ್ಕನ ಶೆಡ್ಡಿಗೆ ಹೋಗಿ ಹತ್ತು ದಿನಕ್ಕೆ ಅಕ್ಕನೇ ಫೋನು ಮಾಡಿದಳು. "ಮಗು ನೋಡ್ಕೊಂಡು ಬರೋಣ ಬಾರೋ." ದಬ್ಬಳ ಕುಣಿಯುವುದೊಂದು ಬಾಕಿ. ಹೆಂಡತಿಯ ಕೈಯಲ್ಲಿ ಮಗುವಿಗೆ ಟೋಪಿ ಕಾಲುಚೀಲ ಕಟ್ಟಿಸಿಕೊಂಡು, ಬೆಳಿಗ್ಗೆ ಎಂಟಕ್ಕೆಲ್ಲ ಅಕ್ಕನ ಮನೆಗೆ ಹೋದ. ಶೆಡ್ಡಿನ ಬಾಗಿಲು ತೆಗೆದ, ಗಾಡಿಯ ಬಾಗಿಲು ತೆಗೆದ, ನಿಂತುಬಿಟ್ಟ.

ಡ್ರೈವರ್ ಹಿಂದಿನ ಸೀಟಿನಲ್ಲಿ ತಗ್ಗು. ಎಡಗಡೆ ಹೆಚ್ಚು. ಹತ್ತು ದಿನದ ಫೋಮು ಹತ್ತು ವರ್ಷದ ಹಾಗೆ ಕುಸಿದಿತ್ತು. ಆಗ ನೆನಪಾಯಿತು ಅವನಿಗೆ, ಆ ಅರ್ಧ ಅಂಗುಲದ ತುಂಡು. ಹಣೆ ಚಚ್ಚಿಕೊಂಡ. ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಕೊನೆಯ ಸಾಲಿನಲ್ಲಿ, ಯಾರೂ ಕೂರದ ಆ ಎರಡು ಪುಟ್ಟ ಸೀಟುಗಳಲ್ಲೂ ತಗ್ಗು. ಒಂದು ಸೀಟಿನ ಮುಂದಿನ ಅಂಚಿಗೆ ಮಾತ್ರ ಬಿದ್ದಿತ್ತು. ಈಗಲೋ ಆಗಲೋ ಎದ್ದು ಒಲೆಯ ಹತ್ತಿರ ಓಡುವವಳ ಹಾಗೆ ಸದಾ ತುದಿಯಲ್ಲೇ ಕೂರುತ್ತಿದ್ದವಳು ಅವರಮ್ಮ. ಇನ್ನೊಂದು ಹಿಂದಕ್ಕೆ, ಪೂರಾ ಒರಗಿಕೊಂಡವರದು. ಅಪ್ಪ ಹಾಗೆ ಕೂತೇ ಪೇಪರ್ ಓದುತ್ತಿದ್ದರು. ಅಪ್ಪ ಹೋಗಿ ಹನ್ನೆರಡು ವರ್ಷ, ಅಮ್ಮ ಹೋಗಿ ಒಂಬತ್ತು.

"ಇಷ್ಟು ದೊಡ್ಡ ಗಾಡಿ ತಂದವನು ನೀನೇ" ಅಂದಳು ಅಕ್ಕ ಬೆನ್ನ ಹಿಂದೆ. ಒಳ್ಳೇ ಸೀರೆ ಉಟ್ಟು, ಕೈಚೀಲ ಹಿಡಿದು ನಿಂತಿದ್ದಳು. "ಜಾಗ ಇದೆ ಅಂತ ಗೊತ್ತಾದ್ರೆ ಸುಮ್ನಿರ್ತಾರಾ?"

ದಬ್ಬಳ ಜೇಬಿನಿಂದ ಚಾಕು ತೆಗೆದ. "ಆ ತುಂಡು ಈಗಲೇ ಕಿತ್ತು ಬಿಸಾಡ್ತೀನಿ."

"ಕೀಳು. ಆಮೇಲೆ ನೀನೊಬ್ನೇ ಹೋಗಿ ಮಗು ನೋಡ್ಕೊಂಡು ಬಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ಚಾಕು ಜೇಬಿಗೆ ಹೋಯಿತು.

"ಹಾಗಾದ್ರೆ ಮುಂದೆ ಬಾ. ನನ್ನ ಪಕ್ಕ ಕೂತ್ಕೋ."

"ಮುಂದಿನ ಸೀಟಲ್ಲಿ ಒಬ್ಬರೇ ಕೂರಬೇಕಲ್ಲೋ" ಅಂದಳು ಅಕ್ಕ, ಹಿಂದಿನ ಬಾಗಿಲಿಂದ ಹತ್ತಿಕೊಂಡಳು. ಹೊಸ ಗಾಡಿ, ಮೆತ್ತನೆ ಸ್ಪ್ರಿಂಗು. ಒಂದು ತರಕಾರಿ ಚೀಲ ಇಟ್ಟರೂ ಒಂದಿಷ್ಟು ತಗ್ಗುವ ಗಾಡಿ ಅದು. ಅಕ್ಕ ಹತ್ತಿ ಕೂತಳು, ಗಾಡಿ ಮಿಸುಕಲಿಲ್ಲ.

ಬೀದಿ ದಾಟುವ ಮೊದಲೇ ಕೀಂ ಕೀಂ ಅಂತ ಶುರುವಾಯಿತು. ಬೆಲ್ಟು ಹಾಕದೆ ಕೂತವರಿದ್ದಾರೆ ಅಂತ ಗಾಡಿ ದೂರುತ್ತಿತ್ತು. ಮುಂದಿನ ಫಲಕದಲ್ಲಿ ಡ್ರೈವರ್ ಹಿಂದಿನ ಸೀಟಿನ ಗುರುತು ಕೆಂಪಗೆ ಮಿನುಗುತ್ತಿತ್ತು. ಅಕ್ಕ ಬಗ್ಗಿ ಖಾಲಿ ಸೀಟಿಗೆ ಅಡ್ಡಲಾಗಿ ಬೆಲ್ಟು ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು. ದಬ್ಬಳ ಕನ್ನಡಿಯಲ್ಲಿ ನೋಡಬಾರದು ಅಂದುಕೊಂಡೇ ನೋಡಿದ. ಬೆಲ್ಟು ಸೀಟಿಗೆ ಒರಗಿರಲಿಲ್ಲ. ಒಂದು ಒಳ್ಳೇ ಹೊಟ್ಟೆಯನ್ನು ಬಳಸಿಕೊಂಡ ಹಾಗೆ ಗಾಳಿಯಲ್ಲಿ ಉಬ್ಬಿ ನಿಂತಿತ್ತು. ಅದರಾಚೆ ಅಕ್ಕ ಬಾಗಿಲಿಗೆ ಅಂಟಿಕೊಂಡು ಕೂತಿದ್ದಳು.

ಮಗಳ ಊರಿಗೂ ಅದೇ ದಾರಿ, ದೊಡ್ಡಾಸ್ಪತ್ರೆಯ ದಾರಿ. ಹತ್ತು ಕಿಲೋಮೀಟರ್ ಹೋದ ಮೇಲೆ ಬೆನ್ನಿಗೆ ಎರಡು ಗಂಟು ಒತ್ತಿದವು. ಈ ಗಾಡಿಯಲ್ಲಿ ಅವನ ಸೀಟಿಗೂ ಹಿಂದೆ ಕೂತವರ ಮೊಣಕಾಲಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯುತ್ತದೆ, ಆರಡಿಯವರು ಕೂತರೂ ಉಳಿಯುತ್ತದೆ, ಅವನೇ ಅಳೆದಿದ್ದ. ಆದರೂ ಒತ್ತಿದವು. ಅಕ್ಕ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. "ಇನ್ನು ಸ್ವಲ್ಪ ದೂರ. ಇನ್ನೇನು ಬಂದೇಬಿಡ್ತು. ಇನ್ನು ಸ್ವಲ್ಪ ದೂರ."

ಅವತ್ತೂ ಇದೇ ಮಾತು. ಇದೇ ದನಿ. ದಬ್ಬಳನ ಕಣ್ಣು ಮಂಜಾಯಿತು.

ಮುಂದೆ ಪೆಟ್ರೋಲ್ ಬಂಕು ಕಾಣಿಸಿತು. ಅದಕ್ಕೂ ಮೊದಲು ರಸ್ತೆಯಲ್ಲಿ ಒಂದು ಹಂಪು. ಅವತ್ತು ಆ ಹಂಪು ಹತ್ತಿ ಇಳಿಯುವಾಗ ಅವನ ಬೆನ್ನಿಗೆ ಒತ್ತಿಕೊಂಡಿದ್ದ ಮೊಣಕಾಲು ಎರಡೂ ಒಟ್ಟಿಗೇ ಸಡಿಲವಾಗಿ ಪಕ್ಕಕ್ಕೆ ಜಾರಿದ್ದವು. ಹದಿನೈದು ವರ್ಷ ಒತ್ತಿದ ಮೊಣಕಾಲು. ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು.

ಇವತ್ತು ಅವನು ಹಂಪಿನ ಈಚೆಗೇ ಗಾಡಿ ನಿಧಾನ ಮಾಡಿದ.

"ಅಕ್ಕ, ಭಾವ ಹೋಗಿದ್ದು ಇಲ್ಲಿ. ಅಲ್ವಾ?"

ಹಿಂದಿನಿಂದ ಮಾತು ನಿಂತುಹೋಯಿತು. ಅಕ್ಕ ಮುಂದಕ್ಕೆ ಬಗ್ಗಿ ಕೇಳಿದಳು. "ನಿನಗೆ ಹೇಗೆ ಗೊತ್ತು?"

"ಮೊಣಕಾಲು ಜಾರಿತು. ನನಗೆ ಅವತ್ತೇ ಗೊತ್ತಿತ್ತಕ್ಕ. ನಿನಗೆ ಗೊತ್ತಾದರೆ ಎದೆ ಒಡ್ಕೊಳ್ತೀಯ ಅಂತ ಸುಮ್ನೆ ಓಡಿಸ್ಕೊಂಡು ಹೋದೆ."

"ನಾನು ನಿನಗೆ ಹೇಳಲಿಲ್ಲ. ಹೇಳಿದ್ರೆ ಕೈ ನಡುಗಿ ಗಾಡಿ ಎಲ್ಲಿಗಾದ್ರೂ ಗುದ್ದಿಬಿಡ್ತೀಯ ಅಂತ..." ಅಕ್ಕ ಪಕ್ಕದ ಸೀಟಿನ ಅಂಚು ಹಿಡಿದುಕೊಂಡಳು. "ನಲವತ್ತು ಕಿಲೋಮೀಟರ್ ಕಣೋ. ತಣ್ಣಗಾಗ್ತಾ ಇದ್ರು. ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಅಂತ ಸುಳ್ಳು ಹೇಳ್ತಾನೇ ಇದ್ದೆ. ಗಾಡಿ ನಿಲ್ಲಲೇ ಇಲ್ಲ. ಅವರು ಇಳಿಯೋದು ಎಲ್ಲಿ, ಹೇಳು? ಆಸ್ಪತ್ರೇಲಿ ಎತ್ಕೊಂಡು ಹೋಗಿದ್ದು ಬರೀ ಮೈನ. ಅವರಿಗೆ ಇಳೀರಿ ಅಂದವರು ಯಾರು?"

ದಬ್ಬಳ ಹಂಪಿನ ಪಕ್ಕದ ಮಣ್ಣಿನಂಚಿಗೆ ಗಾಡಿ ಇಳಿಸಿ ನಿಲ್ಲಿಸಿದ. ಇಂಜಿನ್ ಆರಿಸಿದ. ಬೆಳಿಗ್ಗೆ ಒಂಬತ್ತು ಗಂಟೆ, ಬಂಕಿನಲ್ಲಿ ಯಾರೋ ಸ್ಕೂಟರಿಗೆ ಗಾಳಿ ತುಂಬಿಸುತ್ತಿದ್ದರು. ಅವನು ಕೆಳಗಿಳಿದು ಹಿಂದಿನ ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು ನಿಂತ.

"ಭಾವ, ಗಾಡಿ ನಿಂತಿದೆ" ಅಂದ. ಅದೊಂದೇ ಹೊಳೆದದ್ದು.

ಒಳಗೆ ಅಕ್ಕ ಬೆಲ್ಟಿನ ಗುಂಡಿ ಒತ್ತಿದಳು. ಬೆಲ್ಟು ಸರ್ರನೆ ಒಳಗೆ ಹೋಗಲಿಲ್ಲ. ಮೆಲ್ಲಗೆ, ಯಾರೋ ಕೈಯಲ್ಲಿ ಹಿಡಿದು ಬಿಟ್ಟ ಹಾಗೆ ಹೋಯಿತು. ಆಮೇಲೆ ಗಾಡಿ ಆ ಪಕ್ಕಕ್ಕೆ ವಾಲಿತು, ಒಂದು ಕ್ಷಣ ಹಾಗೇ ನಿಂತಿತು, ಸ್ಪ್ರಿಂಗು ಕಿರ್ರೆಂದು ಮೇಲೆದ್ದಿತು. ಭಾರದ ಆಳು ಕಾಲು ನೋಡಿಕೊಂಡು ಇಳಿದರೆ ಹಾಗೇ ಆಗುತ್ತದೆ. ದಬ್ಬಳನ ಅಂಗಿಯ ತೋಳಿಗೆ ಏನೋ ಸವರಿಕೊಂಡು ಹೋಯಿತು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಸೀಟು ಮಡಚೋ" ಅಂದಳು ಅಕ್ಕ.

"ಏನು?"

"ನಡುವಿನ ಸೀಟು ಮಡಚದೆ ಕೊನೇ ಸಾಲಿನವರು ಹೇಗೆ ಇಳೀತಾರೆ? ಅಮ್ಮನ ಸೊಂಟ ಗೊತ್ತಿಲ್ವಾ ನಿನಗೆ?"

ಅವನು ಸೀಟು ಮಡಚಿದ. ಗಾಡಿ ಇನ್ನೊಮ್ಮೆ ವಾಲಿ ಎದ್ದಿತು, ಈ ಸಲ ಅವಸರದಲ್ಲಿ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಪ್ಪನದು ಯಾವಾಗಲೂ ಹಾಗೇ, ಎಲ್ಲರನ್ನೂ ಕಾಯಿಸುವುದು. ಕೊನೆಗೆ ಮೂರನೆಯ ಸಲವೂ ವಾಲಿ, ಎದ್ದು, ನಿಂತಿತು. ಬಂಕಿನ ಕಡೆಯಿಂದ ಬಿಸಿಗಾಳಿ ಬೀಸಿತು. ಅಕ್ಕ ಆ ಕಡೆ ಬಾಗಿಲಿನಿಂದ ಇಳಿದು ಬಂದು, ಖಾಲಿ ರಸ್ತೆಯನ್ನು ನೋಡುತ್ತ ನಿಂತಳು. ಎಂಟು ತಿಂಗಳಲ್ಲಿ ಮೊದಲ ಸಲ, ಸೆರಗು ಬಾಯಿಗೆ ಒತ್ತಿಕೊಂಡು, ಗಟ್ಟಿಯಾಗಿ ಅತ್ತಳು. ತಮ್ಮನೂ ಅತ್ತ. ಸ್ಕೂಟರಿನವನು ಒಂದು ಸಲ ತಿರುಗಿ ನೋಡಿ ತನ್ನ ಪಾಡಿಗೆ ಹೋದ.

ದಬ್ಬಳ ಸೀಟಿನ ಮೇಲೆ ಕೈಯಿಟ್ಟು ನೋಡಿದ. ಫೋಮು ಬೆರಳ ಕೆಳಗೆ ಮೆಲ್ಲಗೆ ಉಬ್ಬಿ ಬರುತ್ತಿತ್ತು. ಅವನು ಬಾಗಿಲು ಮುಚ್ಚಿದ, ಆಚೆ ಬದಿಗೆ ಹೋಗಿ ಮುಂದಿನ ಬಾಗಿಲು ತೆಗೆದು ಹಿಡಿದ.

ಅಕ್ಕ ಮೂಗೊರೆಸಿಕೊಂಡು, ಒಂದು ಕಾಲು ಮೇಲಿಟ್ಟು, ಹಿಡಿ ಹಿಡಿದು ಹತ್ತಿ ಕೂತಳು. ಗಾಡಿ ಅವಳ ಕಡೆಗೆ ಚೆನ್ನಾಗಿಯೇ ಬಗ್ಗಿತು. ಸ್ಪ್ರಿಂಗು ಕಿರುಗುಟ್ಟಿದ್ದು ಅವನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಬಾಗಿಲು ಹಿಡಿದುಕೊಂಡು ಹಾಗೇ ನಿಂತ, ಮತ್ತೊಂದು ಸಲ ಕೇಳಬೇಕು ಅಂತ.

ಅಕ್ಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಿಸುಕಾಡಿದಳು. ಮುಖ ಸಿಂಡರಿಸಿದಳು.

"ಥೂ, ಇದೇನೋ ಸೀಟು ಇದು, ಬಂಡೆಗಲ್ಲು! ಬೆನ್ನಿಗೆ ಆಸರೆ ಇಲ್ಲ, ತೊಡೆ ಅರ್ಧ ಗಾಳೀಲಿದೆ. ಇಪ್ಪತ್ತೆಂಟು ವರ್ಷ ಏನು ಕಡಿದೆಯೋ ನೀನು? ಮನೆಗೆ ಹೋದ ತಕ್ಷಣ ಬಿಚ್ಚು, ನನಗೆ ಬೇರೆ ಮಾಡ್ಕೊಡು."

"ಮಾಡ್ಕೊಡ್ತೀನಿ ಕಣಕ್ಕ" ಅಂದ ದಬ್ಬಳ. "ಮಾಡ್ಕೊಡ್ತೀನಿ."